ಇರುವೆ ಸತ್ತ ಹಾಲು

ಮೊನ್ನೆ ಗಂಜಾಂಗೆ ಹೋಗಿ ನಿಮಿಷಾಂಬೆಗೆ ಕೈ ಮುಗಿದು, ವಾಪಸು ಬರುತ್ತಾ ಮೈಸೂರು ಬಸ್ಸು ಹತ್ತಿದ್ದೆ. ಮುಂದಿನ ಸ್ಟಾಪಿನಲ್ಲಿ ಒಬ್ಬ ಹುಡುಗಿ ಎಳೆಗೂಸನ್ನು ಎತ್ತಿಕೊಂಡು ಹತ್ತಿ ನನ್ನ ಪಕ್ಕ ಕೂತಳು. ತಲೆಗೆ ಬಿಗಿದ ಸ್ಕಾರ್ಫು, ಕಿವಿಯಲ್ಲಿ ಹತ್ತಿ. ಬಾಣಂತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಸ್ಸು ಹೊರಟು ಗಾಳಿ ಬೀಸಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಸಾಂಬ್ರಾಣಿ, ಬೆಳ್ಳುಳ್ಳಿ, ಅದರ ಜೊತೆಗೆ ಬಟ್ಟೆಯಲ್ಲೇ ಒಣಗಿ ಹುಳಿಯಾದ ಹಾಲು. ಹುಡುಗಿ ಸೆರಗನ್ನು ಮತ್ತೆ ಮತ್ತೆ ಎದೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ರವಿಕೆ ಒದ್ದೆಯಾಗಿತ್ತು. ನಾನು ಕಿಟಕಿಯ ಕಡೆಗೆ ತಿರುಗಿ ಕೂತೆ. ಅವಳಿಗೆ ಮುಜುಗರವಾಗದಿರಲಿ ಎಂದು ಹಾಗೆ ಕೂತೆ ಅಂದುಕೊಂಡರೂ ನಿಜ ಬೇರೆ. ಇಷ್ಟು ವರ್ಷ ಕಳೆದರೂ ಆ ವಾಸನೆಗೆ ನನ್ನ ಎದೆ ಝಲ್ಲೆನ್ನುತ್ತದೆ.

ಅದು ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ತವರು ಎಂದರೆ ಕೆ.ಆರ್. ಪೇಟೆ ತಾಲೂಕಿನ ಸಿಂಧಘಟ್ಟ. ಗಂಡನ ಊರು ನಾಗಮಂಗಲದ ಕಡೆಯ ಹಳ್ಳಿ. ಅವರಿಗೆ ಕೆಲಸ ಪಾಂಡವಪುರದಲ್ಲಿ, ನಮ್ಮ ಬಾಡಿಗೆ ಮನೆಯೂ ಅಲ್ಲೇ. ಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸಿಂಧಘಟ್ಟಕ್ಕೆ ಬಂದ ದಿನ ಆಷಾಢದ ಗಾಳಿ ಹೆಂಚು ಹಾರಿಸುವ ಹಾಗೆ ಬೀಸುತ್ತಿತ್ತು. ಅವ್ವ ನನ್ನನ್ನು ನಡುಮನೆಯ ಪಕ್ಕದ ಕತ್ತಲೆ ಕೋಣೆಗೆ ತಳ್ಳಿ, ಕಿಟಕಿಗೆ ಗೋಣಿ ಹೊಡೆದು, ಮಂಚದ ಕೆಳಗೆ ಕೆಂಡ ಇಟ್ಟಳು. ಬಿ.ಎ. ಓದಿದ ಹುಡುಗಿ ನಾನು, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತವಳು. ಕೋಣೆಯ ಬಾಗಿಲು ಹಾಕಿದ ಮೇಲೆ ಬಿ.ಎ.ಯೂ ಇಲ್ಲ, ಚರ್ಚೆಯೂ ಇಲ್ಲ. ಅವ್ವ ಕೊಟ್ಟಿದ್ದನ್ನು ತಿನ್ನಬೇಕು, ಹಾಕಿದ ಕಡೆ ಮಲಗಬೇಕು.

ಅವ್ವನಿಗೆ ಇದ್ದ ಒಂದೇ ಭಯ ನನಗೆ ಹಾಲು ಬರದೆ ಹೋದರೆ ಎಂಬುದು. ನಮ್ಮದು ಹೈನಿನ ಮನೆ. ಕೊಟ್ಟಿಗೆ ತುಂಬ ಹಸು, ಬೆಳಗ್ಗೆ ಸಂಜೆ ಡೇರಿಗೆ ಕ್ಯಾನು ಹೋಗುತ್ತಿತ್ತು. ಮದುವೆಯಾಗಿ ಬಂದಂದಿನಿಂದ ಅವ್ವ ಹಾಲು ಕರೆಯದ ದಿನವಿಲ್ಲ. "ಕೊಟ್ಟಿಗೆ ತುಂಬ ಅಸ ಕರೆಯೋಳು ನಾನು. ನನ್ ಮಗಳ್ಗೆ ಆಲಿಲ್ಲ ಅನ್ನುಸ್ಕತೀನಾ?" ಎಂದು ಬೆಳಗ್ಗೆ ಎದ್ದರೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಮಧ್ಯಾಹ್ನ ಸುಟ್ಟ ಬೆಳ್ಳುಳ್ಳಿ, ಸಂಜೆ ಮೆಂತ್ಯದ ಗಂಜಿ, ನಡುವೆ ಕೊಬ್ಬರಿ ಬೆಲ್ಲ ಎಂದು ತುರುಕಿದ್ದೇ ತುರುಕಿದ್ದು. ಬೇಡ ಎಂದರೆ, "ನಿಂಗಲ್ಲ ಕಣವ್ವ, ಕೂಸ್ಗೆ," ಎನ್ನುತ್ತಿದ್ದಳು. ಆ ಮಾತಿಗೆ ಎದುರು ಮಾತಿಲ್ಲ.

ಮೂರನೆಯ ದಿನ ಬೆಳಗ್ಗೆ ಎದ್ದಾಗ ಹಾಸಿಗೆ ಒದ್ದೆಯಾಗಿತ್ತು. ಮಗು ಉಚ್ಚೆ ಮಾಡಿದೆ ಎಂದುಕೊಂಡೆ. ಮುಟ್ಟಿ ನೋಡಿದರೆ ಮಗುವಿನ ಬಟ್ಟೆ ಒಣಗಿದೆ, ನನ್ನ ರವಿಕೆ, ಸೆರಗು, ದಿಂಬು ನೆನೆದಿವೆ. ಎದೆ ಎರಡೂ ಕಲ್ಲು. ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು, ನೀಲಿ ನರಗಳು ಎದ್ದು ಕಾಣುತ್ತಿದ್ದವು. ನನ್ನ ಮೈ ನನ್ನದಲ್ಲ ಅನ್ನಿಸಿ ದಿಗಿಲಾಯಿತು. ಮಗು ಆಚೆ ಅತ್ತರೆ ಹಾಲು ಸುರಿಯುತ್ತಿತ್ತು. ಬೇರೆ ಯಾರ ಮನೆಯ ಮಗು ಅತ್ತರೂ ಸುರಿಯುತ್ತಿತ್ತು. ಕೊಟ್ಟಿಗೆಯಲ್ಲಿ ಕರು ಅಂಬಾ ಎಂದರೂ ಸುರಿಯುತ್ತಿತ್ತು ಎಂದರೆ ನಂಬುತ್ತೀರೋ ಇಲ್ಲವೋ. ಅವತ್ತು ಕರುವಿನ ದನಿಗೆ ನನ್ನ ಎದೆ ತೊಟ್ಟಿಕ್ಕಿದಾಗ ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮಗುವಿನ ಬಾಯಿಗೆ ಎದೆ ಕೊಟ್ಟರೆ ನಾಲೆಗೆ ತೂಬು ಎತ್ತಿದ ಹಾಗೆ ಒಮ್ಮೆಲೇ ಹರಿಯುತ್ತಿತ್ತು. ಆ ಪುಟ್ಟ ಗಂಟಲು ಎಷ್ಟನ್ನು ತಾಳೀತು? ಎರಡು ಗುಟುಕಿಗೆ ಕೆಮ್ಮು, ಮೂಗಿನಲ್ಲಿ ಹಾಲು, ಕಣ್ಣು ಮೇಲೆ, ಮುಖ ಕೆಂಪು. ನನಗೆ ಜೀವ ಬಾಯಿಗೆ ಬರುತ್ತಿತ್ತು. ಕಿತ್ತು ಪಕ್ಕಕ್ಕೆ ಹಿಡಿದರೆ ಹಾಲು ಪಿಚಕಾರಿಯಂತೆ ಗೋಡೆಗೆ ಹಾರುತ್ತಿತ್ತು. ಅವ್ವ ಅದನ್ನು ಕಂಡು ಮೊದಲ ದಿನ ಹಿಗ್ಗಿ, "ಕಾಮಧೇನು ಕಣೆ ನನ್ ಮಗಳು!" ಎಂದು ನೆಟಿಕೆ ಮುರಿದು ದೃಷ್ಟಿ ತೆಗೆದಳು. ಊರಿನವರಿಗೆ ಹೇಳಬೇಡ ಎಂದು ಅಪ್ಪನಿಗೂ ಕಟ್ಟಪ್ಪಣೆಯಾಯಿತು. ಹಾಲಿಲ್ಲದ ಬಾಣಂತಿಗೆ ಮರುಗುವವರು ಊರು ತುಂಬ ಇರುತ್ತಾರೆ. ಹಾಲು ಹೆಚ್ಚಾದವಳು ಬಾಯಿ ಬಿಟ್ಟರೆ ಕೊಬ್ಬು ಎನ್ನುತ್ತಾರೆ, ಇಲ್ಲವೇ ಕಣ್ಣು ಹಾಕುತ್ತಾರೆ.

ಅವ್ವ ಅದಕ್ಕೆ ಮದ್ದು ಕಂಡುಕೊಂಡಿದ್ದು ಕೊಟ್ಟಿಗೆಯಿಂದ. ಮಗು ಕುಡಿದಾದ ಮೇಲೆ ಕಂಚಿನ ಬಟ್ಟಲು ಹಿಡಿದು ನನ್ನ ಮುಂದೆ ಕೂರುತ್ತಿದ್ದಳು. ಬೆರಳಿಗೆ ಹರಳೆಣ್ಣೆ ಸವರಿಕೊಂಡು, ಹಸುವಿಗೆ ಮಾಡುವಂತೆಯೇ ನೇವರಿಸಿ ಕರೆಯುತ್ತಿದ್ದಳು.

"ಪೂರಾ ಕರ್ದ್‌ಬುಡ್ಬೇಕು ಕಣವ್ವ. ಉಳ್ಸುದ್ರೆ ಕೆಚ್ಚಲು ಬಾವು ಬತ್ತದೆ."

"ನಾನೇನು ಅಸುನಾ ಅವ್ವಾ?"

"ಅಸೂಗೇ ಬತ್ತದೆ ಅಂದ್ರೆ ನಿಂಗ್ ಬರಕ್ಕಿಲ್ವಾ? ಸುಮ್ಕೆ ಕೂತ್ಕೊ."

ಕರೆದ ಮೇಲೆ ಹಗುರಾಗುತ್ತಿದ್ದುದು ನಿಜ. ನಾನು ಉಸಿರು ಬಿಟ್ಟು ಕಣ್ಣು ಮುಚ್ಚುತ್ತಿದ್ದೆ. ಸ್ವಲ್ಪ ಹೊತ್ತಿಗೆಲ್ಲ ಮೊದಲಿಗಿಂತ ಹೆಚ್ಚು ತುಂಬಿಕೊಳ್ಳುತ್ತಿತ್ತು. ಮೊದಲು ಬಟ್ಟಲ ತಳ ಮುಚ್ಚುವಷ್ಟು ಬರುತ್ತಿದ್ದುದು ಬರಬರುತ್ತಾ ಅಂಚಿಗೆ ಬಂತು. ಎದೆಹಾಲನ್ನು ಯಾರೂ ತುಳಿಯಬಾರದು, ಬೆಂಕಿಗೆ ಬೀಳಬಾರದು ಎಂದು ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಲ ತೆಂಗಿನ ಬುಡಕ್ಕೆ ಸುರಿದು ಬರುತ್ತಿದ್ದಳು. ನನ್ನ ಮಗು ಕುಡಿಯಬೇಕಾದದ್ದು ಮರ ಕುಡಿಯುತ್ತಿತ್ತು. ಇನ್ನೂ ಹೇಳಬೇಕೆಂದರೆ ಮಗುವಿಗೆ ಬೇಕಾಗಿದ್ದಕ್ಕಿಂತ ನಾಲ್ಕು ಪಾಲು ಹೆಚ್ಚಿಗೆ ನಾವೇ ಕರೆದು ಕರೆದು ಬರಿಸುತ್ತಿದ್ದೆವು. ಆಗ ಅದು ಯಾರಿಗೂ ತಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಮಗುವಿಗೆ ಹೊಟ್ಟೆ ಕೆಟ್ಟಿತು. ಹಸಿರು ಬಣ್ಣದ ನೊರೆನೊರೆ ಭೇದಿ. ಹೊಟ್ಟೆ ತಮಟೆಯಾಗಿ ಉಬ್ಬಿ, ಕಾಲು ಮಡಚಿಕೊಂಡು ಕಿರುಚುತ್ತಿತ್ತು. ಎದೆಗೆ ಹಿಡಿದರೆ ಬಾಯಿ ಹಾಕುತ್ತಿತ್ತು, ಮರುಗಳಿಗೆ ಬೆನ್ನು ಬಿಲ್ಲು ಮಾಡಿ ತಲೆ ತಿರುಗಿಸುತ್ತಿತ್ತು. ತಾಯಿಯ ಎದೆಯನ್ನು ಮಗು ದೂಡುವುದೆಂದರೇನು? ಅಪ್ಪ ಬಾಣಂತಿ ಕೋಣೆಯೊಳಗೆ ಬರುವಂತಿಲ್ಲ, ಹೊಸ್ತಿಲಾಚೆ ನಿಂತು, "ಯಾಕಮ್ಮಿ, ಕೂಸು ಅಂಗ್ ಕಿರುಚ್ತದೆ?" ಎಂದು ಕೇಳುತ್ತಿದ್ದ. ಅವ್ವ ಬಜೆ ತೇಯ್ದು ನೆಕ್ಕಿಸಿದಳು, ಹೊಟ್ಟೆಗೆ ಇಂಗು ಹಚ್ಚಿದಳು, ನನಗೆ ಇನ್ನಷ್ಟು ಬೆಳ್ಳುಳ್ಳಿ ಕೊಟ್ಟಳು. ಬೆಳ್ಳುಳ್ಳಿ ತಿಂದಷ್ಟೂ ಹಾಲು ಹೆಚ್ಚಿತು, ಹಾಲು ಹೆಚ್ಚಿದಷ್ಟೂ ಮಗು ಕಿರುಚಿತು. ಅತಿಯಾದರೆ ಅಮೃತವೂ ವಿಷ ಎಂದು ಗಾದೆ ಹೇಳುವ ಜನ ನಾವು. ಆ ಗಾದೆ ಆ ಕೋಣೆಯೊಳಗೆ ಮಾತ್ರ ಬರಲಿಲ್ಲ.

ಶ್ರಾವಣ ಬಂತು. ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ನಾಗಮಂಗಲದ ಕಡೆಯಿಂದ ನಮ್ಮತ್ತೆ ಬಂದರು. ಕೊಬ್ಬರಿ, ತುಪ್ಪ, ಮಗುವಿಗೆ ಬೆಳ್ಳಿ ಉಡಿದಾರ ಎಲ್ಲ ತಂದಿದ್ದರು. ಅತ್ತೆ ಹೆಚ್ಚು ಮಾತಾಡುವವರಲ್ಲ, ಎತ್ತರದ ಆಳು, ಹಣೆಯಲ್ಲಿ ದೊಡ್ಡ ಕುಂಕುಮ. ಜೋರಿನ ಅತ್ತೆಯೇನಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಮುದ್ದೆ ತಿರುವಲು ಬಾರದು ಎಂದು ಯಾರಿಗೂ ಕಾಣದಂತೆ ತಾವೇ ತಿರುವಿ, ಸೊಸೆ ಮಾಡಿದ್ದು ಎಂದವರು. ಮಗುವನ್ನು ಮಡಿಲಿಗೆ ಹಾಕಿಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಮಗು ಕಕ್ಕಿತು. ಬಟ್ಟೆಯಲ್ಲಿ ಹಸಿರು ಭೇದಿಯಾಯಿತು. ಅತ್ತೆಯ ಮುಖದ ರಕ್ತ ಇಳಿದುಹೋದುದನ್ನು ನಾನು ಕಣ್ಣಾರೆ ಕಂಡೆ.

"ಎಷ್ಟು ದಿನದಿಂದ ಇಂಗೆ?" ಎಂದರು.

ಅವ್ವ ಹೇಳಿದಳು. ಹಾಲು ಸುರಿಯುವುದನ್ನೂ, ಮಗು ಎದೆ ದೂಡುವುದನ್ನೂ ಬಚ್ಚಿಡದೆ ಹೇಳಿದಳು. ಅತ್ತೆ ಬಾಗಿಲು ಮುಂದೆ ಮಾಡಿ ನನ್ನ ಹತ್ತಿರ ಕೂತರು.

"ನಂಗೂ ಇಂಗೇ ಕಣವ್ವ ಮಂಜುಳಾ," ಎಂದರು. "ನಿನ್ ಗಂಡನ್‌ಗಿಂತ ಮುಂಚೆ ಒಂದು ಗಂಡು ಕೂಸು ಉಟ್ಟಿತ್ತು. ಆಲು ಸೋರಿ ಸೋರಿ ಕಂಬ್ಳಿ ನೆನೀತಿತ್ತು. ಕೂಸು ಕಕ್ಕದು, ಅಸುರ್ ಭೇದಿ, ಕಿರುಚೋದು. ನಮ್ಮತ್ತೆ ನನ್ ಆಲ್ಗೆ ಇರ್ವೆ ಬುಟ್ ನೋಡುದ್ರು. ಇರ್ವೆ ಸತ್ತೋಯ್ತು. ನನ್ ಆಲು ವಿಷ ಆಗಿತ್ತು. ಆಮೇಲೆ ಕುಡ್ಸಕ್ಕೆ ಬುಡ್ನಿಲ್ಲ. ಆದ್ರೆ ಅಷ್ಟೊತ್ಗೆ ವಿಷ ಏರ್ಬುಟ್ಟಿತ್ತು. ಕೂಸು ಉಳೀನಿಲ್ಲ."

ಗಂಡನಿಗಿಂತ ಮೊದಲು ಒಂದು ಮಗು ಹೋಗಿತ್ತು ಎಂದಷ್ಟೇ ನನಗೆ ಗೊತ್ತಿತ್ತು. ಹೀಗೆ ಎಂದು ಯಾರೂ ಹೇಳಿರಲಿಲ್ಲ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಅತ್ತೆ ಅವ್ವನ ಕಡೆ ತಿರುಗಿ, "ಬಟ್ಲು ತಗಂಬಾರವ್ವ. ನೋಡೇಬುಡನ. ತಡ ಮಾಡಿ ನಾನ್ ಕಳ್ಕಂಡೆ, ನೀವ್ ಕಳ್ಕಬ್ಯಾಡಿ," ಎಂದರು.

ಅವ್ವ ಬಟ್ಟಲು ತಂದು ಕರೆದಳು. ಎಂದಿನಂತೆ ಬಟ್ಟಲು ತುಂಬಿತು. ಅತ್ತೆ ಹಿತ್ತಲಿಗೆ ಹೋಗಿ ಒಂದು ಗೊದ್ದವನ್ನು, ಅಂದರೆ ದಪ್ಪ ಕರಿ ಇರುವೆಯನ್ನು, ಎಲೆಯಲ್ಲಿ ಹಿಡಿದು ತಂದು ಹಾಲಿಗೆ ಬಿಟ್ಟರು. ಮೂವರೂ ಬಗ್ಗಿ ನೋಡಿದೆವು. ಇರುವೆ ಬಿಳಿಯ ಹಾಲಿನ ಮೇಲೆ ಕಾಲು ಬಡಿಯಿತು, ಒಂದು ಸುತ್ತು ಸುತ್ತಿತು, ಅಂಚಿನ ಕಡೆಗೆ ಹೊರಟು ಮತ್ತೆ ನಡುವಿಗೆ ಬಂತು. ಆಮೇಲೆ ಕಾಲು ಮುದುಡಿಕೊಂಡು ಸುಮ್ಮನಾಯಿತು.

ನಗಬೇಕಿತ್ತು ನಾನು. ಪದವಿ ಓದಿದವಳು, ಮೂಢನಂಬಿಕೆಯ ಮೇಲೆ ವೇದಿಕೆಯಲ್ಲಿ ಭಾಷಣ ಮಾಡಿ ಲೋಟ ಗೆದ್ದವಳು. ನಗು ಎಲ್ಲಿಂದ ಬರಬೇಕು? ನನ್ನ ಎದೆಯಿಂದ ಬಂದದ್ದರಲ್ಲಿ ಒಂದು ಜೀವ ನನ್ನ ಕಣ್ಣೆದುರೇ ಸತ್ತಿತ್ತು. ಅದನ್ನೇ ನಾನು ಇಷ್ಟು ದಿನ ಮಗುವಿನ ಬಾಯಿಗೆ ಬಿಟ್ಟಿದ್ದೆ. ಮಗು ಯಾಕೆ ನನ್ನನ್ನು ದೂಡುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿಬಿಟ್ಟಿತ್ತು, ಅಂದುಕೊಂಡೆ. ಅತ್ತೆ ಬೇಡ ಎನ್ನುವ ಮೊದಲೇ ನಾನೇ ಮಗುವನ್ನು ಅವರ ಕೈಗೆ ಕೊಟ್ಟೆ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ತೊಟ್ಟಿಲ ಶಾಸ್ತ್ರ ನಿಂತಿತು. ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸತೊಡಗಿದರು. ನನ್ನ ಹಾಲು ಬತ್ತಿಸಲು ಅಪ್ಪ ಪೇಟೆಯಿಂದ ಮಾರುಗಟ್ಟಲೆ ಮಲ್ಲಿಗೆ ತಂದ. ಅವ್ವ ಮಲ್ಲಿಗೆಯನ್ನು ಎದೆಯ ಸುತ್ತ ಹರಡಿ, ಹಳೇ ಸೀರೆ ಹರಿದು ಉಸಿರುಗಟ್ಟುವಂತೆ ಬಿಗಿದಳು. ಒಂದು ದಿನದಲ್ಲಿ ಹೂ ಬಾಡಿ, ಹಾಲಿನಲ್ಲಿ ನೆನೆದು ನಾರತೊಡಗಿತು. ಮೊದಲ ಸಲ ಅಷ್ಟೊಂದು ಮಲ್ಲಿಗೆ ಮುಡಿದದ್ದು ಮದುವೆಯಲ್ಲಿ, ಎರಡನೆಯ ಸಲ ಹೀಗೆ. ಹಾಲು ಬತ್ತಲಿಲ್ಲ. ಒಳಗೇ ಕಟ್ಟಿಕೊಂಡು ಎಡದ ಎದೆ ಕೆಂಪಗೆ ಊದಿತು. ಚಳಿಜ್ವರ ಬಂದು ಹಲ್ಲು ಕಟಕಟ ಎನ್ನುತ್ತಿತ್ತು. ಆಚೆ ಕೋಣೆಯಲ್ಲಿ ಮಗು ಅತ್ತರೆ ಬಿಗಿದ ಬಟ್ಟೆಯ ಕೆಳಗೆ ಹಾಲು ಜಿನುಗುತ್ತಿತ್ತು. ನಾನು ಬೆರಳು ಕಚ್ಚಿಕೊಂಡು ಮಲಗಿರುತ್ತಿದ್ದೆ.

ಮೊದಮೊದಲು ಮಗು ಸುಮ್ಮನಾದ ಹಾಗೆ ಕಂಡಿತು. "ನೋಡ್ದಾ?" ಎಂದರು ಅತ್ತೆ, ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ನೀರಿನಂತೆ ಭೇದಿ ಶುರುವಾಯಿತು. ಇದು ಹಸಿರು ನೊರೆಯಲ್ಲ, ಬರೀ ನೀರು, ಕೆಟ್ಟ ವಾಸನೆ. ಗುಂಡಗಿದ್ದ ಮಗು ನೋಡನೋಡುತ್ತಿದ್ದಂತೆ ಇಳಿಯಿತು. ಅಳುವುದಕ್ಕೂ ಆಗದೆ ಬಾಯಿ ಮಾತ್ರ ತೆರೆಯುತ್ತಿತ್ತು. ನೆತ್ತಿ ಒಳಗೆ ಕುಸಿದಿತ್ತು. ಅತ್ತೆ ಗೋಡೆಗೆ ಒರಗಿ, "ಏರ್ಬುಟ್ಟದೆ. ಇದ್ಕೂ ಏರ್ಬುಟ್ಟದೆ," ಎಂದು ಅದನ್ನೇ ಹೇಳುತ್ತಿದ್ದರು. ಆ ಹೊತ್ತಿಗೆ ಸುದ್ದಿ ತಿಳಿದು ನಮ್ಮ ಯಜಮಾನರು ಪಾಂಡವಪುರದಿಂದ ಬಾಡಿಗೆ ಕಾರು ಮಾಡಿಕೊಂಡು ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಮಗುವನ್ನೂ ನನ್ನನ್ನೂ ಅವ್ವನನ್ನೂ ಕಾರಿಗೆ ಹತ್ತಿಸಿದರು. ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು, ಹೆಂಗಸರು ಹಾಡು ಹೇಳುತ್ತಿದ್ದರು. ಮಗು ಉಸಿರಾಡುತ್ತಿದೆಯೇ ಎಂದು ನಾನು ದಾರಿಯುದ್ದಕ್ಕೂ ಅದರ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದೆ.

ಪಾಂಡವಪುರದ ಡಾಕ್ಟರಮ್ಮ ಮೊದಲು ಮಗುವಿಗೆ ಡ್ರಿಪ್ಪು ಹಾಕಿಸಿದರು. ಆಮೇಲೆ ನನ್ನನ್ನು ಪರದೆಯ ಹಿಂದೆ ಕೂರಿಸಿ ಎದೆಯ ಬಟ್ಟೆ ಬಿಚ್ಚಿದರು. ಕೊಳೆತ ಮಲ್ಲಿಗೆ ನೆಲಕ್ಕೆ ಉದುರಿತು.

"ಇಷ್ಟು ಹಾಲಿಟ್ಟುಕೊಂಡು ಮಗೂಗೆ ಬಾಟಲಿ ಯಾಕೆ ಕೊಟ್ರಿ?"

ನಾನು ಇರುವೆಯ ಕಥೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತು, "ನಿಮ್ಮ ಹಾಲಲ್ಲಿ ಏನೂ ಕೆಟ್ಟಿಲ್ಲಮ್ಮ. ಜಾಸ್ತಿ ಆಗಿದೆ, ಅಷ್ಟೇ. ಜಾಸ್ತಿಯಾದ ಹಾಲು ರಭಸವಾಗಿ ಬಂದ್ರೆ ಮಗು ಕಕ್ಕುತ್ತೆ, ಹೊಟ್ಟೆ ಉಬ್ಬುತ್ತೆ, ಹಸಿರಾಗಿ ಹೋಗುತ್ತೆ. ಅದರಿಂದ ಮಗು ಸಾಯಲ್ಲ. ಇಂಥ ಎಳೇ ಮಕ್ಕಳು ಸಾಯೋದು ಬಾಟಲಿ ಹಾಲಿಂದ ಬರೋ ಭೇದಿಯಿಂದ," ಎಂದರು. ಅವ್ವನ ಕಡೆ ನೋಡಿ, "ನೀವು ದಿನಾ ಪೂರ್ತಿ ಕರೀತಿದ್ರಾ?" ಎಂದು ಕೇಳಿದರು. ಅವ್ವ ತಲೆಯಾಡಿಸಿದಳು. "ಹಸು ಪೂರ್ತಿ ಕರೆದ್ರೆ ಏನಾಗುತ್ತೆ?"

"ಕರದಷ್ಟೂ ಆಲು ಎಚ್ತದೆ," ಎಂದಳು ಅವ್ವ. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. "ಅಯ್ಯಯ್ಯೋ," ಎಂದಳು, "ಅಯ್ಯಯ್ಯೋ ಶಿವನೇ!" ಎಂದು ಹಣೆ ಹಣೆ ಬಡಿದುಕೊಂಡಳು.

ಡಾಕ್ಟರಮ್ಮ ಹೇಳಿಕೊಟ್ಟದ್ದು ಇಷ್ಟೇ. ಜ್ವರಕ್ಕೆ ಮಾತ್ರೆ. ಮಗುವಿಗೆ ಒಂದು ಹೊತ್ತಿಗೆ ಒಂದೇ ಕಡೆ ಕುಡಿಸುವುದು. ಮೊದಲ ರಭಸವನ್ನು ಬಟ್ಟೆಗೆ ಬಿಟ್ಟು ಆಮೇಲೆ ಬಾಯಿಗೆ ಕೊಡುವುದು. ಹಿಂದಕ್ಕೆ ಒರಗಿ, ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಕುಡಿಸುವುದು. ತೀರಾ ನೋವಾದರೆ ಹಗುರಾಗುವಷ್ಟು ಮಾತ್ರ ಹಿಂಡುವುದು, ಬಟ್ಟಲು ಹಿಡಿದು ಕೂರುವಂತಿಲ್ಲ. ಸಬ್ಬಸಿಗೆ, ಬೆಳ್ಳುಳ್ಳಿ ಬಂದ್. ಮಗು ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರೇ ಅದನ್ನು ನನ್ನ ಎದೆಯ ಮೇಲೆ ಹಾಕಿದರು. ನಾನು ಹೆದರಿ ಹಿಂದೆ ಸರಿದೆ. ನಿಜವಾಗಿ ಹೆದರಿದೆ. ಸತ್ತ ಇರುವೆ ಕಣ್ಣ ಮುಂದಿತ್ತು. ಮಗು ಮೂಗಿನಿಂದ ಹುಡುಕಿ ಹುಡುಕಿ ಬಾಯಿ ಹಾಕಿತು. ಕೆಮ್ಮಲಿಲ್ಲ. ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿಯಿತು. ನಾನು ಜೋರಾಗಿ ಅತ್ತುಬಿಟ್ಟೆ, ನರ್ಸಮ್ಮ ಓಡಿ ಬಂದು ನೋಡಿಕೊಂಡು ಹೋದರು.

ಮಗು ಗಟ್ಟಿಯಾದ ಮೇಲೆ ಸಿಂಧಘಟ್ಟಕ್ಕೆ ವಾಪಸು ಬಂದೆವು. ಅತ್ತೆ ಅಲ್ಲೇ ಇದ್ದರು. ಮಗು ಕಣ್ಣು ಬಿಟ್ಟು ನೋಡುವುದನ್ನು ಕಂಡು ದೇವರಿಗೆ ಕೈ ಮುಗಿದರು. ನಾನು ಎದೆ ಹಾಲು ಕುಡಿಸಲು ಕೂತದ್ದನ್ನು ನೋಡಿ ಅವರ ಮುಖ ಕಪ್ಪಿಟ್ಟಿತು.

"ಯಾರೇಳುದ್ರು?"

"ಡಾಕ್ಟರಮ್ಮ ಹೇಳಿದ್ರು ಅತ್ತೆ."

"ಅವ್ರು ಇರ್ವೆ ಬುಟ್ ನೋಡುದ್ರಾ?"

ನೋಡಿರಲಿಲ್ಲ. ಅತ್ತೆ ಜಗಲಿಗೆ ಹೋಗಿ ಕೂತರು. ಉಣ್ಣಲು ಕರೆದರೆ ಬರಲಿಲ್ಲ. "ನನ್ ಕಣ್ಣಾರೆ ಕಂಡಿವ್ನಿ. ಡಾಕುಟ್ರು ನಾಳಿಕ್ ಬತ್ತಾರಾ ಕೂಸ್‌ನ ಮಣ್ಗೆ ಇಡಕ್ಕೆ? ಅವ್ಳು ಆ ಆಲು ಕುಡ್ಸೋದ್ ಬುಡೋಗಂಟ ನಾನ್ ಅನ್ನ ಮುಟ್ಟಕ್ಕಿಲ್ಲ," ಎಂದರು. ಅವ್ವ ಬೇಡಿಕೊಂಡಳು, ಅಪ್ಪ ಹೇಳಿ ನೋಡಿದ, ಯಜಮಾನರು ಗದರಿದರು. ಯಾರ ಮಾತೂ ನಡೆಯಲಿಲ್ಲ. ಹಟಕ್ಕೆ ಕೂತಿದ್ದಾರೆ ಎಂದು ಮನೆಯವರಿಗೆ ಸಿಟ್ಟು ಬಂತು. ನನಗೆ ಬಂದದ್ದು ಸಿಟ್ಟಲ್ಲ, ದಿಗಿಲು. ಅತ್ತೆಯ ಮಾತು ಕೇಳಿದಾಗಲೆಲ್ಲ ಎದೆಯ ಮೇಲಿದ್ದ ಮಗುವನ್ನು ಕಿತ್ತುಬಿಡಬೇಕು ಅನ್ನಿಸುತ್ತಿತ್ತು.

ಮಾರನೆಯ ಬೆಳಗ್ಗೆ ಅಪ್ಪ ಡೇರಿಗೆ ಹೊರಟಿದ್ದ. ನಾನು ಮಗುವನ್ನು ಬಿಸಿಲಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಕ್ಯಾನಿನ ಮುಚ್ಚಳ ತೆಗೆದು, ಒಂದು ಹುಲ್ಲುಕಡ್ಡಿಯಿಂದ ಹಾಲಿನ ಮೇಲೆ ತೇಲುತ್ತಿದ್ದ ಇರುವೆಗಳನ್ನು ಎತ್ತೆತ್ತಿ ಎಸೆದ. ಆಮೇಲೆ ಮುಚ್ಚಳ ಹಾಕಿ ಸೈಕಲ್ಲಿಗೆ ಕಟ್ಟಿದ. ದಿನವೂ ಮಾಡುತ್ತಿದ್ದುದೇ. ನಾನು ಹುಟ್ಟಿದಂದಿನಿಂದ ನೋಡಿದ್ದೇ.

ನಾನು ನಿಂತಲ್ಲೇ ನಿಂತೆ. ಹಾಲಿನ ಮನೆಯಲ್ಲಿ ಹುಟ್ಟಿ, ಹಾಲಿನಲ್ಲಿ ಸತ್ತ ಇರುವೆ ನೋಡದ ದಿನವಿಲ್ಲ. ಅವ್ವ ಕಾಯಿಸುವ ಮೊದಲು ಸೋಸುತ್ತಿದ್ದುದೇ ಅದಕ್ಕೆ. ಆ ಹಾಲು ಕುಡಿದೇ ನಾವೆಲ್ಲ ಬೆಳೆದಿದ್ದು, ಊರು ಬೆಳೆದಿದ್ದು. ಮೂವರು ಬಟ್ಟಲ ಸುತ್ತ ಬಗ್ಗಿ ಕೂತಿದ್ದೆವಲ್ಲ, ಒಬ್ಬರಿಗಾದರೂ ನೆನಪಾಗಬೇಡವೇ? ಮಗುವನ್ನು ಹಾಸಿಗೆಯಲ್ಲಿ ಮಲಗಿಸಿ, ಒಂದು ಬಟ್ಟಲಿಗೆ ಹಸುವಿನ ಹಾಲು ಸುರಿದುಕೊಂಡು, ಬಾಳೆ ಎಲೆಯ ತುಂಡಿನಲ್ಲಿ ಎರಡು ಗೊದ್ದ ಹಿಡಿದುಕೊಂಡು ಜಗಲಿಗೆ ಹೋದೆ. ಬಾಣಂತಿ ಜಗಲಿಗೆ ಬರಬಾರದು ಎಂದು ಅವ್ವ ಹಿಂದಿನಿಂದ ಕೂಗುತ್ತಿದ್ದಳು.

"ಅತ್ತೆ, ನೋಡಿ," ಎಂದೆ.

ಹಸುವಿನ ಹಾಲಿಗೆ ಇರುವೆ ಬಿಟ್ಟೆ. ಕಾಲು ಬಡಿಯಿತು, ಸುತ್ತಿತು, ಮುದುಡಿತು. ಅತ್ತೆ ಬಗ್ಗಿ ನೋಡಿ ತಲೆ ಎತ್ತಿದರು. ನನ್ನ ಮೈಯಲ್ಲಿ ಆವೇಶ ಬಂದಂತಾಗಿತ್ತು. ಬಾಳೆ ಎಲೆಯ ಮೇಲೆ ನನ್ನ ಎದೆಹಾಲನ್ನು ನಾಲ್ಕು ಹನಿ ಹಿಂಡಿ, ಇನ್ನೊಂದು ಇರುವೆ ಬಿಟ್ಟೆ. ಅದು ಹಾಲಿನಲ್ಲಿ ಕಾಲಿಟ್ಟು, ಮೀಸೆ ಒರೆಸಿಕೊಂಡು, ಅಂಚು ಹತ್ತಿ, ಎಲೆಯಿಂದ ಇಳಿದು ಜಗಲಿಯ ಬಿರುಕಿಗೆ ಓಡಿತು.

"ವಿಷ ಅಲ್ಲ ಅತ್ತೆ, ಮುಳುಗೋಕೆ ಸಾಕಾಗುವಷ್ಟಿತ್ತು. ಬಟ್ಟಲು ತುಂಬಿತ್ತಲ್ಲ, ಈಜೋಕೆ ಆಗದೆ ಸತ್ತಿತು. ನನಗೆ ಕಡಿಮೆ ಹಾಲಿದ್ದಿದ್ದರೆ ಆವತ್ತೂ ಬದುಕುತ್ತಿತ್ತು!"

ಗೆದ್ದೆ ಎಂದುಕೊಂಡೆ. ಅವ್ವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತೆ ನಗುತ್ತಾರೆ, ಎದ್ದು ಬಂದು ಊಟಕ್ಕೆ ಕೂರುತ್ತಾರೆ ಎಂದು ಕಾದೆ. ಅವರು ಬಟ್ಟಲನ್ನು ಎತ್ತಿಕೊಂಡು ತೇಲುತ್ತಿದ್ದ ಇರುವೆಯನ್ನು ನೋಡುತ್ತಾ ಕೂತರು. ಆಮೇಲೆ, ನನಗಲ್ಲ, ಬಟ್ಟಲಿಗೆ ಹೇಳುವಂತೆ ಹೇಳಿದರು.

"ನಮ್ಮತ್ತೇನೂ ಬಟ್ಲು ತುಂಬಾನೇ ಕರೆಸಿದ್ರು."

ನಾನು ಇರುವೆಯನ್ನು ನೋಡಿದ್ದೆ, ನನ್ನ ಮಗುವನ್ನು ನೋಡಿದ್ದೆ, ಅತ್ತೆಯ ಮಗುವನ್ನು ಮರೆತೇಬಿಟ್ಟಿದ್ದೆ.

"ಎದೆ ಬುಡ್ಸುದ್ ಮ್ಯಾಲೆ ಅಳ್ತಾನೇ ಇತ್ತು," ಎಂದರು ಅತ್ತೆ. "ಒಟ್ಟೆಲಿ ವಿಷ ಸುಡ್ತದೆ, ಅದ್ಕೇ ಅಳ್ತದೆ ಅಂದ್ರು. ನನ್ ಸೆರ್ಗ ಇಡ್ಕಂಡು ಎಳೀತಿತ್ತು. ನಾನ್ ಕೈ ಬುಡ್ಸಿ ಬುಡ್ಸಿ ಆಚೀಗ್ ಮಲುಗುಸ್ತಿದ್ದೆ. ನನ್ ಎದೆ ಸೋರ್ತಾನೇ ಇತ್ತು." ಅವರು ತಲೆ ಎತ್ತಿ ನನ್ನ ಮುಖ ನೋಡಿದರು. "ಅಂಗಾರೆ ಅದ್ಕೆ ಅಸಿವಾಗಿತ್ತಾ ಮಂಜುಳಾ?"

ಇಲ್ಲ ಅತ್ತೆ, ಬೇರೆ ಏನೋ ಕಾಯಿಲೆ ಇದ್ದಿರಬೇಕು ಎಂದೆ. ಆಗಿನ ಕಾಲದಲ್ಲಿ ಎಷ್ಟೋ ಮಕ್ಕಳು ಹೋಗುತ್ತಿದ್ದವು ಎಂದೆ. ನನ್ನ ಮಾತು ನನಗೇ ನಂಬಿಕೆ ಹುಟ್ಟಿಸುವಂತಿರಲಿಲ್ಲ. ಅವರು ಅಳಲಿಲ್ಲ. ಅತ್ತಿದ್ದರೆ ಹಿಡಿದುಕೊಳ್ಳಬಹುದಿತ್ತು. ಕಲ್ಲಿನಂತೆ ಕೂತರು, ಕೈಯಲ್ಲಿದ್ದ ಬಟ್ಟಲು ವಾಲಿ ಹಾಲು ಅವರ ಸೀರೆಯ ಮೇಲೆ ತುಳುಕುತ್ತಿತ್ತು.

ಒಳಗೆ ಮಗು ಎದ್ದು ಅಳತೊಡಗಿತು. ನಾನೂ ಕದಲಲಿಲ್ಲ, ಅವ್ವನೂ ಕದಲಲಿಲ್ಲ. ಅತ್ತೆಯ ಎದುರಿಗೆ ಆ ಗಳಿಗೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ಅತ್ತೆಯೇ ಬಟ್ಟಲು ಕೆಳಗಿಟ್ಟರು. ಕಂಬ ಹಿಡಿದು ಎದ್ದು ಒಳಗೆ ಹೋಗಿ, ಹಾಸಿಗೆಯಿಂದ ಮಗುವನ್ನು ಎತ್ತಿಕೊಂಡು ಬಂದರು. ಜಗಲಿ, ಬೀದಿಯಲ್ಲಿ ಜನ, ಬಾಣಂತಿ, ಯಾವುದನ್ನೂ ಲೆಕ್ಕಕ್ಕಿಡದೆ ಮಗುವನ್ನು ನನ್ನ ಮಡಿಲಿಗೆ ಹಾಕಿ, ತಮ್ಮ ಸೆರಗನ್ನೇ ನಮ್ಮಿಬ್ಬರಿಗೆ ಮರೆ ಹಿಡಿದು ನಿಂತರು.

"ಬಿರ್ನೆ ಕುಡ್ಸವ್ವ," ಎಂದರು. "ಕೂಸ್‌ನ ಕಾಯಿಸ್ಬ್ಯಾಡ."